ಹೆಸರು ತಪ್ಪಿದ ಕೋಶ

ಯಕೃತ್ತಿನ ಮೇಲೆ ಪ್ರಯೋಗ ನಡೆಸುವವರಲ್ಲಿ ಹೆಪ್ ಜಿ2 ಕೋಶಗಳ ಹೆಸರು ಕೇಳದವರು ಸಿಗುವುದು ಕಷ್ಟ. ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಗಡ್ಡೆಯಿಂದ ಬಂದ ಈ ಕೋಶಗಳನ್ನು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಬಾರ್ಬರಾ ನೋಲ್ಸ್ ಮತ್ತು ಸಂಗಡಿಗರು ಬೆಳೆಸಿದರು. 1979ರಲ್ಲಿ 'ನೇಚರ್' ಪತ್ರಿಕೆ ಅವರ ವರದಿಯನ್ನು ಪ್ರಕಟಿಸಿತು. ಮುಂದೆ ಮೂರು ದಶಕ ಬಹಳಷ್ಟು ಲ್ಯಾಬುಗಳಲ್ಲಿ ಅವು ದೊಡ್ಡವರ ಯಕೃತ್ತಿನ ಕ್ಯಾನ್ಸರಿನ ಮಾದರಿಯೆಂದೇ ನಡೆದವು. ಅವು ಹುಟ್ಟಿದ್ದು ಹೆಪಟೋಬ್ಲಾಸ್ಟೋಮಾದಿಂದ, ಅಂದರೆ ಹೆಚ್ಚಾಗಿ ಮೂರು ವರ್ಷದೊಳಗಿನ ಮಕ್ಕಳಿಗೆ ಬರುವ ಗಡ್ಡೆಯಿಂದ ಎಂದು ಡೊಲೋರೆಸ್ ಲೋಪೆಜ್-ಟೆರಾಡಾ ಮತ್ತು ಸಹೋದ್ಯೋಗಿಗಳು ಬರೆದದ್ದು 2009ರಲ್ಲಿ. ಇದನ್ನು ಚೀಟಿ ಅಂಟಿಸುವಾಗಿನ ಕೈತಪ್ಪು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹದಿನೈದರ ಹುಡುಗನಿಗೆ ಎಳೆಗೂಸಿನ ಗಡ್ಡೆ ಬರುವುದು ಅಪರೂಪ. ಕೋಶದ ವಯಸ್ಸು ಕೇಳಬೇಕಾದಲ್ಲಿ ರೋಗಿಯ ವಯಸ್ಸೇ ಉತ್ತರವಾಯಿತು.

ಕೋಶ ಸುಮ್ಮನಿರಲಿಲ್ಲ. ಭ್ರೂಣದ ಯಕೃತ್ತು ಸ್ರವಿಸುವ ಆಲ್ಫಾ-ಫೀಟೋಪ್ರೋಟೀನನ್ನು ಇಲಿಯ ಗಡ್ಡೆಯಲ್ಲಿ ವಿಜ್ಞಾನಿ ಅಬೆಲೆವ್ 1963ರಲ್ಲೇ ಮಾಸ್ಕೋದಲ್ಲಿ ಕಂಡಿದ್ದರು. ಹೆಪ್ ಜಿ2 ಕೂಡ ಅದನ್ನು ಸ್ರವಿಸುತ್ತದೆ. ದೊಡ್ಡವರ ಗಡ್ಡೆಯೂ ಎಷ್ಟೋ ಸಲ ಸ್ರವಿಸುವುದರಿಂದ ಅದೊಂದೇ ಸಾಕ್ಷಿ ಸಾಲದು, ನಿಜ. 1990ರ ದಶಕದ ಕೊನೆಗೆ ಬೀಟಾ-ಕ್ಯಾಟೆನಿನ್ ಜೀನಿನ ಸುದ್ದಿ ಬಂತು. ಕೋಶಕ್ಕೆ 'ಬೆಳೆ' ಎಂದು ಅಪ್ಪಣೆ ಕೊಡುವ ಈ ಜೀನಿನ ಪ್ರೋಟೀನು ಕೆಲಸ ಮುಗಿದ ಮೇಲೆ ಒಡೆದುಹೋಗಬೇಕು. ಒಡೆಯುವ ಗುರುತಿರುವ ಭಾಗವೇ ಜೀನಿನಿಂದ ಕಳಚಿದರೆ ಅಪ್ಪಣೆ ನಿಲ್ಲುವುದಿಲ್ಲ. ಹಾಗೆ ಕಳಚಿರುವುದು ಹೆಪಟೋಬ್ಲಾಸ್ಟೋಮಾಗಳಲ್ಲಿ ಮತ್ತೆಮತ್ತೆ ಕಂಡಿತು, ಹೆಪ್ ಜಿ2ನಲ್ಲೂ ಕಂಡಿತು. 2008ರಲ್ಲಿ ಸ್ಟೆಫಾನೊ ಕೈರೋ ಮತ್ತು ಪ್ಯಾರಿಸಿನ ತಂಡ ಈ ಗಡ್ಡೆಗಳನ್ನು ಎರಡು ಬಗೆಯಾಗಿ ವಿಂಗಡಿಸಿತು. ವಿಂಗಡಣೆ ಭ್ರೂಣದ ಯಕೃತ್ತಿನ ಬೆಳವಣಿಗೆಯ ಹಂತಗಳಿಗೆ ಹೊಂದುತ್ತಿತ್ತು, ಇನ್ನೂ ಎಳೆಯ ಹಂತವನ್ನು ಹೋಲುವ ಬಗೆಯೇ ಹೆಚ್ಚು ಉಗ್ರ.

ಹೆಸರು ತಪ್ಪಿದರೇನು, ಆ ಕೋಶಗಳಿಂದ ರಕ್ತದ ಪ್ರೋಟೀನು, ಕೊಬ್ಬಿನ ಸಾಗಾಟಗಳ ಬಗ್ಗೆ ಕಲಿತದ್ದು ಸುಳ್ಳಾಯಿತೇ ಎಂದು ಕೇಳಬಹುದು. ಇಲ್ಲ, ಅದಕ್ಕೆ ಧಕ್ಕೆಯಿಲ್ಲ. ಆದರೆ ದೊಡ್ಡವರ ಕ್ಯಾನ್ಸರು ಹೀಗೆ ವರ್ತಿಸುತ್ತದೆ ಎಂದು ಇದೊಂದರಿಂದಲೇ ಹೇಳಿದ ಮಾತುಗಳನ್ನು ಮತ್ತೆ ತೂಗಿ ನೋಡಬೇಕು. ಇದಕ್ಕಿಂತ ಬಿಗಿಯಾದ ಆಕ್ಷೇಪ ಇನ್ನೊಂದಿದೆ: ಹೊಸ ಹೆಸರಾದರೂ ಪೂರ್ತಿ ಸರಿಯೇ? ಹೆಪ್ ಜಿ2ನಲ್ಲಿ ಎನ್‌ಆರ್‌ಎಎಸ್ ಜೀನೂ ಕೆಟ್ಟಿದೆ, ಟರ್ಟ್ ಜೀನಿನ ಚಾಲಕ ಭಾಗವೂ ಕೆಟ್ಟಿದೆ. ಎಳೆಯ ಮಕ್ಕಳ ಗಡ್ಡೆಗಳಲ್ಲಿ ಇಂಥ ದೋಷಗಳು ತೀರ ಕಡಿಮೆ. ಟರ್ಟ್ ದೋಷ ಕಾಣುವುದು ದೊಡ್ಡ ಮಕ್ಕಳ ಗಡ್ಡೆಗಳಲ್ಲಿ. ಹಾಗಾಗಿ ಈಚಿನ ಸಂಶೋಧಕರು ಈ ಒಂದು ಕೋಶವನ್ನೇ ನೆಚ್ಚಿಕೊಳ್ಳದೆ, ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ಗಡ್ಡೆಯ ಚೂರುಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ನೆಟ್ಟು ಬೆಳೆಸುತ್ತಿದ್ದಾರೆ.