ಹಕ್ಕುಪತ್ರದಲ್ಲಿ ನೀರಿಲ್ಲ

ಹುತ್ರಿದುರ್ಗದ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ನಾವು ಮೇಷ್ಟ್ರುಗಳು ಕೋಟೆಯ ಗೋಡೆ ತೋರಿಸಿ ಇಳಿದುಬಿಡುತ್ತೇವೆ. ಇದು ಮಾಗಡಿ ಕೆಂಪೇಗೌಡರ ನವದುರ್ಗಗಳಲ್ಲಿ ಒಂದು. 1791ರ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಮೂರೇ ದಿನಕ್ಕೆ ಇದೂ ಕಾರ್ನ್‌ವಾಲಿಸನ ದಂಡಿನ ಪಾಲಾಯಿತು. ಚರಿತ್ರೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಬಂಡೆಯ ಮೇಲೆ ಮಳೆನೀರು ನಿಲ್ಲುವ ದೊಣೆಗಳ ಮುಂದೆ ನಾವು ನಿಲ್ಲುವುದಿಲ್ಲ. ನಿಂತರೆ ಬೇರೊಂದು ಚರಿತ್ರೆ ಶುರುವಾಗುತ್ತದೆ. ನೀರು ಹಿಡಿದಿಡುವ ಜಾಗ ಇಲ್ಲದೆ ಯಾವ ದೊರೆಯ ದಂಡೂ ಈ ಬೆಟ್ಟದ ಮೇಲೆ ಒಂದು ಬೇಸಿಗೆ ಕಳೆಯಲಾರದು. ಇದೇ ಕೆಂಪೇಗೌಡರ ಮನೆತನ 1537ರಲ್ಲಿ ಬೆಂಗಳೂರಿಗೆ ಅಡಿಪಾಯ ಹಾಕಿದಾಗಲೂ ಪೇಟೆಯ ಜೊತೆಗೇ ಕೆರೆಗಳನ್ನು ಕಟ್ಟಿತು. ಅವುಗಳಲ್ಲಿ ಒಂದಾದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಕೆಂಪೇಗೌಡರ ಹೆಸರಿನ ಬಸ್ ನಿಲ್ದಾಣವಿದೆ.

ನೀರು ಮೊದಲು, ಮನೆ ಆಮೇಲೆ ಅನ್ನೋದು ದೊರೆಗಳಿಗೂ ಗೊತ್ತಿತ್ತು. ಆದರೆ ಈ ನೀರನ್ನು ಕಾದವರು ಯಾರು?

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರಿದ್ದರು. ಅವರಲ್ಲಿ ನೀರಗಂಟಿ ಒಬ್ಬ. ಈ ಕೆಲಸ ಎಷ್ಟೋ ಊರುಗಳಲ್ಲಿ ನಮ್ಮ ಕೇರಿಯವರದು. ಏರಿ ಕುಸಿದೀತೆಂದು ಮಳೆಯ ರಾತ್ರಿ ಕಂದೀಲು ಹಿಡಿದು ಓಡಿದವನು ಅವನು. ತೂಬಿನೊಳಗೆ ಇಳಿದವನು ಅವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಾಯಿಲೆಕ್ಕದಲ್ಲೇ ಹಂಚಿದವನು ಅವನು. ಊರಿಗೆಲ್ಲ ನೀರು ಹಂಚಿದ ಆ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ! ಅವನ ಹೆಂಡತಿ ಬಾವಿಕಟ್ಟೆಯ ಕೆಳಗೆ ಬಿಂದಿಗೆ ಇಟ್ಟು, ಮೇಲಿನವರು ಹುಯ್ಯುವ ತನಕ ಕಾಯಬೇಕಿತ್ತು. ಕುಣಿಗಲ್ ಕೆರೆಯ ಐಭೋಗದ ಮೇಲೆ ಹಾಡು ಕಟ್ಟಿದ ಸೀಮೆ ನಮ್ಮದು. ಕೆರೆಯ ತೂಬು ತೆಗೆದವನ ಬಾಯಾರಿಕೆಯ ಬಗ್ಗೆ ಎಷ್ಟು ಹಾಡಿದೆವು?

ನೀರಿನ ಜಗಳ ನಮಗೆ ಹೊಸದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿದರು. ಆ ಬೊಗಸೆ ನೀರು ಕೋರ್ಟು ಹತ್ತಿ, ತೀರ್ಮಾನವಾಗುವಷ್ಟರಲ್ಲಿ 1937 ಬಂದಿತ್ತು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹಿಡಿದೇ ಭೇದ ಕೂಡದು ಅಂದಿತು.

ಇನ್ನು ನೆಲದ ಕಥೆ. 1961ರ ಕಾಯ್ದೆ ಗ್ರಾಮದ ಹುದ್ದೆಗಳನ್ನು ರದ್ದು ಮಾಡಿತು. ಬಿಟ್ಟಿ ಚಾಕರಿಯ ಸರಪಳಿ ಕಳಚಿದ್ದು ಸರಿಯೇ. ಆದರೆ ತೋಟಿ, ನೀರಗಂಟಿಗಳಿಗೆ ಮರುಮಂಜೂರಾದ ಚೂರುಪಾರು ಜಮೀನು ಸಾಲಕ್ಕೆ, ಕುಡಿಕೆಗೆ, ಹೆಬ್ಬೆಟ್ಟಿಗೆ ಕೈಬಿಟ್ಟು ಹೋಯಿತು. ಸರ್ಕಾರ ಮಂಜೂರು ಮಾಡಿದ ಜಮೀನು ಹೀಗೆ ಹೋಗಬಾರದು ಅಂತಲೇ 1978ರಲ್ಲಿ ಪರಭಾರೆ ನಿಷೇಧ ಕಾಯ್ದೆ ತರಬೇಕಾಯಿತು. ನೀರು ಕಾಯುವ ಕೆಲಸ ಹೋಯಿತು, ಕೆಲಸಕ್ಕೆ ಕೊಟ್ಟ ನೆಲವೂ ಹೋಯಿತು. ಉಳಿದದ್ದು ಗುಡಿಸಲು.

ಆ ಗುಡಿಸಲಿನ ಲೆಕ್ಕ ಹಿಡಿದು ಬಂದವು ಯೋಜನೆಗಳು. ದೇವರಾಜ ಅರಸರ ಕಾಲದ ಜನತಾ ಮನೆ, 1985ರ ಇಂದಿರಾ ಆವಾಸ್, 1991-92ರ ಆಶ್ರಯ, ಇಂದಿರಾ ಆವಾಸವೇ 2016ರಲ್ಲಿ ಹೆಸರು ಬದಲಿಸಿಕೊಂಡು ಬಂದ ಪ್ರಧಾನಮಂತ್ರಿ ಆವಾಸ್. ಇವು ಸುಳ್ಳು ಎಂದು ನಾವು ಹೇಳುವುದಿಲ್ಲ. ಸೋರುವ ಗರಿಯ ಕೆಳಗೆ ಮಲಗಿದವರಿಗೆ ತಾರಸಿಯ ಬೆಲೆ ಗೊತ್ತು. ನಮ್ಮ ಪ್ರಶ್ನೆ ಇಷ್ಟೆ: ಮೇಲಿನಿಂದ ಬರುವ ಗುರಿಯಲ್ಲಿ ಮನೆಯ ಸಂಖ್ಯೆ ಇರುತ್ತದೆ, ನೀರಿನ ಸಂಖ್ಯೆ ಯಾಕಿಲ್ಲ? ತಳಪಾಯಕ್ಕೊಂದು ಫೋಟೋ, ಗೋಡೆಗೊಂದು ಫೋಟೋ, ಛಾವಣಿಗೊಂದು ಫೋಟೋ. ಹೊಸ ಗೋಡೆಗೆ ಹುಯ್ಯಲು ಎರಡು ಹೊಲದಾಚೆಯಿಂದ ಕೊಡ ಹೊತ್ತ ಹೆಂಗಸಿಗೆ ಯಾವ ಫೋಟೋ?

ಲೆಕ್ಕವನ್ನೇ ಹಾಕೋಣ. 2019ರ ಜಲಜೀವನ್ ಯೋಜನೆ ಹೇಳುವುದು ತಲೆಗೆ ದಿನಕ್ಕೆ 55 ಲೀಟರು. ಐದು ಜನರ ಮನೆಗೆ 275. ನಲವತ್ತು ಮನೆಯ ಕಾಲೋನಿಗೆ 11,000 ಲೀಟರು, ದಿನವೂ. ಆವಾಸ್ ಮನೆಯ ಕನಿಷ್ಠ ಅಳತೆ 25 ಚದರ ಮೀಟರು. ವರ್ಷಕ್ಕೆ 700 ಮಿಲಿಮೀಟರು ಮಳೆ ಎಂದು ಹಿಡಿದು ಹನಿಯೂ ಪೋಲಾಗದಂತೆ ಕೂಡಿಟ್ಟರೂ ಅಷ್ಟು ಛಾವಣಿಯಿಂದ ಸಿಗುವುದು 17,500 ಲೀಟರು. ಎರಡು ತಿಂಗಳಿಗೆ ಖಾಲಿ. ಮಿಕ್ಕ ಹತ್ತು ತಿಂಗಳಿಗೆ ಕೆರೆಯೋ ಕೊಳವೆಬಾವಿಯೋ ಬೇಕೇ ಬೇಕು. ನಮಗೆ ಸಿಗುವ ನಿವೇಶನವೋ, ಬೇರೆ ಯಾರಿಗೂ ಬೇಡವಾದ ಬಂಡೆಯ ಮೇಡು. ಇಲ್ಲ, ತುಂಬಿದ ವರ್ಷ ನೀರು ನುಗ್ಗುವ ಕೆರೆಯಂಚು. "ಮನೆ ಕೊಟ್ಟವ್ರೆ ಕಣಪ್ಪ, ಬಾಳಾಟ ಎಲ್ಲೈತೆ?" ಅನ್ನುತ್ತಾರೆ ನಮ್ಮ ಅವ್ವಂದಿರು.

ಇಲ್ಲಿ ಎಚ್ಚರವೂ ಬೇಕು. "ನೀರಿಲ್ಲ, ಆದ್ದರಿಂದ ನಿವೇಶನವೂ ಬೇಡ" ಅನ್ನೋ ಯಜಮಾನರಿದ್ದಾರೆ. ಕೇರಿಯವರಿಗೆ ಮೂವತ್ತು-ನಲವತ್ತರ ಸೈಟು ಅಂದ ಕೂಡಲೇ ಅವರಿಗೆ ಅಂತರ್ಜಲದ ಚಿಂತೆ ಹತ್ತುತ್ತದೆ. ಬೆಂಗಳೂರಿನವರಿಗೆ ಹೊಲ ಮಾರಿ ಲೇಔಟು ಮಾಡುವಾಗ ಆ ಚಿಂತೆ ಇರುವುದಿಲ್ಲ. ಖಾಲಿ ಬಿದ್ದ ಸೈಟಿಗೂ ಬೋರು ಕೊರೆಯಬಹುದು, ವಾಸಕ್ಕೆ ಮನೆ ಕೇಳಿದವನಿಗೆ ನೀರಿಲ್ಲ! ನೀರಿನ ಲೆಕ್ಕ ನಮ್ಮ ಮನೆ ತಡೆಯುವ ಬೇಲಿಯಾಗಬಾರದು. ಯಾರ ಅಗತ್ಯ ಮೊದಲು ಅನ್ನೋದನ್ನ ತೀರ್ಮಾನಿಸುವ ತಕ್ಕಡಿಯಾಗಬೇಕು.

ಹೇಮಾವತಿಯ ಜಗಳವನ್ನೂ ಹೀಗೇ ನೋಡಬೇಕು. ಗೊರೂರಿನ ನೀರು ಕಾಲುವೆಯ ಕೊನೆಯ ನಮಗೆ ಮುಟ್ಟುತ್ತಿಲ್ಲ ಎನ್ನುತ್ತದೆ ಕುಣಿಗಲ್. ನೇರ ಲಿಂಕ್ ಕಾಲುವೆ ಮಾಡಿದರೆ ನಮ್ಮ ಪಾಲು ಹೋಗುತ್ತದೆ ಎಂದು ಗುಬ್ಬಿ, ತುಮಕೂರಿನ ಕಡೆಯವರು 2024, 2025ರಲ್ಲಿ ಬೀದಿಗಿಳಿದರು. ಇಬ್ಬರ ಸಂಕಟವೂ ನಿಜ. ಆದರೆ ತಾಲ್ಲೂಕಿಗೆ ನೀರು ಬಂದರೆ ಕೇರಿಗೆ ಬಂದಂತೆಯೇ? ಕೆರೆ ತುಂಬಿದ ಕಾಲದಲ್ಲೂ ನಮ್ಮ ಬಿಂದಿಗೆ ಖಾಲಿ ಇತ್ತು ಅನ್ನೋದನ್ನ ನೀರಗಂಟಿಯ ಚರಿತ್ರೆ ಹೇಳುತ್ತಿದೆ.

ಆದ್ದರಿಂದ ಗೆಳೆಯರೆ, ಮುಂದಿನ ಗ್ರಾಮಸಭೆಗೆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳಲು ಮಾತ್ರ ಹೋಗಬೇಡಿ. ನಿವೇಶನದ ಜಾಗವನ್ನು ವಾಸ ಮಾಡುವವರೇ, ಅದರಲ್ಲೂ ನೀರು ಹೊರುವ ಹೆಂಗಸರೇ ನೋಡಿ ಒಪ್ಪಬೇಕು. ತಳಪಾಯಕ್ಕೆ ಮೊದಲು ನೀರಿನ ಮೂಲ ಗೊತ್ತುಮಾಡಬೇಕು. ಬೇಸಿಗೆಯಲ್ಲಿ ಆ ಮೂಲ ಎಷ್ಟು ಕೊಡುತ್ತದೆ ಅಂತ ಅಳೆದು ಬರೆಯಬೇಕು. ಕುಡಿಯುವ ನೀರಿನ ಬಾವಿಯ ಪಕ್ಕ ಲೇಔಟಿನವರ ಬೋರು ಬೀಳದಂತೆ ಸಭೆಯಲ್ಲೇ ಠರಾವು ಆಗಬೇಕು. ಮೇಷ್ಟ್ರುಗಳು ಈ ಲೆಕ್ಕವನ್ನು ಏಳನೇ ಕ್ಲಾಸಿನ ಮಕ್ಕಳ ಕೈಲೇ ಹಾಕಿಸಬಹುದು, ಕಷ್ಟದ್ದೇನಲ್ಲ.

ನೀರು ಹಂಚುವುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ತಲೆತಲಾಂತರ ಊರಿಗೆಲ್ಲ ಹಂಚಿದವರು ನಾವು. ಈಗ ನಮ್ಮ ಪಾಲು ಕೇಳುತ್ತಿದ್ದೇವೆ.