ಮುಲಾಮಿನಿಂದ ಹುಟ್ಟಿದ ಪತ್ರಿಕೆ

ತಲೆನೋವೆಂದೊಡನೆ ಉಪಾಧ್ಯಾಯರ ಕೊಠಡಿಯ ಕಪಾಟಿನಿಂದ ಹೊರಬರುತ್ತಿದ್ದ ಅಮೃತಾಂಜನದ ಶೀಶೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅದರ ಚರಿತ್ರೆಯನ್ನು ತರಗತಿಯಲ್ಲಿ ಹೇಳಲು ಪಠ್ಯಕ್ರಮದಲ್ಲಿ ಎಡೆಯಿರಲಿಲ್ಲ.

ಆಂಧ್ರದ ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ಅವರು 1893ರಲ್ಲಿ ಮುಂಬಯಿಯಲ್ಲಿ ಈ ಮುಲಾಮಿನ ಉದ್ಯಮವನ್ನು ಆರಂಭಿಸಿದರು. ಸಂಗೀತ ಕಚೇರಿಗಳಲ್ಲಿ ಅದನ್ನು ಉಚಿತವಾಗಿ ಹಂಚಿಸಿದರೆಂದು ಹೇಳುತ್ತಾರೆ. (ಕೆಲವು ಕಚೇರಿಗಳಲ್ಲಿ ಅದರ ಅವಶ್ಯಕತೆ ನಿಜವಾಗಿಯೂ ಇರುತ್ತದೆ!) ಮುಲಾಮಿನ ಗಳಿಕೆಯ ಬಲದಿಂದ 1908ರಲ್ಲಿ ಅಲ್ಲಿಯೇ 'ಆಂಧ್ರಪತ್ರಿಕೆ' ವಾರಪತ್ರಿಕೆಯಾಗಿ ಹೊರಟಿತು, 1914ರಲ್ಲಿ ಮದರಾಸಿನಿಂದ ದಿನಪತ್ರಿಕೆಯಾಯಿತು. ಕರಾವಳಿ ಆಂಧ್ರ ಮತ್ತು ರಾಯಲಸೀಮೆಯ ನಾಯಕರು 1937ರಲ್ಲಿ ಮಾಡಿಕೊಂಡ ಶ್ರೀಬಾಗ್ ಒಪ್ಪಂದಕ್ಕೆ ಆ ಹೆಸರು ಬಂದದ್ದು ಪಂತುಲು ಅವರ ಮನೆಯಿಂದಲೇ. ತೆಲುಗರ ಪ್ರಾಂತ್ಯದ ಕನಸಿಗೆ ತಲೆನೋವಿನ ಔಷಧಿಯೊಂದು ಊರುಗೋಲಾದುದು ನನಗೆ ಎಷ್ಟೋ ಯುದ್ಧಗಳಿಗಿಂತ ಸ್ವಾರಸ್ಯಕರವಾಗಿ ತೋರುತ್ತದೆ.

ವಿಕ್ಸ್ ಅಮೆರಿಕದ್ದು. ಉತ್ತರ ಕೆರೊಲಿನಾದ ಔಷಧ ವ್ಯಾಪಾರಿ ಲನ್ಸ್‌ಫರ್ಡ್ ರಿಚರ್ಡ್‌ಸನ್ ಅದನ್ನು ರೂಪಿಸಿದವರು. 1918ರ ಇನ್‌ಫ್ಲುಯೆಂಜಾ ಅದರ ಮಾರಾಟವನ್ನು ವಿಪರೀತ ಹೆಚ್ಚಿಸಿತು.

ಈ ಮುಲಾಮುಗಳು ಕಟ್ಟಿದ ಮೂಗನ್ನು ತೆರೆಯುತ್ತವೆಂಬುದು ಬಹುಮಟ್ಟಿಗೆ ಭ್ರಮೆ. ಮೆಂಥಾಲ್ ಮೂಗಿನೊಳಗಿನ ತಂಪನ್ನರಿಯುವ ನರಗಳನ್ನು ಕೆರಳಿಸುವುದರಿಂದ ಉಸಿರು ಸರಾಗವಾದಂತೆ ತೋರುತ್ತದೆ, ಅಷ್ಟೆ. ದೊಡ್ಡವರಿಗೆ ಆ ಭ್ರಮೆಯೂ ಸುಖವೇ. ಆದರೆ ಕರ್ಪೂರ ಹೊಟ್ಟೆಗೆ ಸೇರಿದರೆ ಮಕ್ಕಳಿಗೆ ಸೆಳವು ಬರಬಹುದು. ಕೂಸಿನ ಮೂಗಿಗೆ ಒಂದಿಷ್ಟು ಸವರುವ ರೂಢಿ ನಮ್ಮ ಬಂಧುಗಳ ಮನೆಗಳಲ್ಲಿ ಇನ್ನೂ ಇದೆಯೆಂದು ಬಲ್ಲೆ. ದಯಮಾಡಿ ನಿಲ್ಲಿಸಿ. ಎರಡು ವರ್ಷ ತುಂಬದ ಮಗುವಿಗೆ ವಿಕ್ಸನ್ನು ಎದೆಗೂ ಹಚ್ಚಬಾರದು; ಮೂಗಿನೊಳಗಂತೂ ಯಾವ ವಯಸ್ಸಿನವರಿಗೂ ಸಲ್ಲದು.