ಬಾಡಿಗೆ ತಾಯ್ತನದಿಂದ ಹುಟ್ಟಿದ ಮಗುವಿಗೆ ನಿಜ ಹೇಳಬಾರದೇ?

ಹೇಳಿಕೆ: "ಬೇರೆಯವಳ ಹೊಟ್ಟೆಯಲ್ಲಿ ಬೆಳೆದ ಮಗುವಿಗೆ ಆಕೆಯ ರಕ್ತ, ಗುಣವೇ ಬರುತ್ತದೆ. ನಿಜ ಗೊತ್ತಾದರೆ ಮಗು ದೂರವಾಗುತ್ತದೆ."

ನಿಜ ಏನು?

ಭಾರತದಲ್ಲಿ 2022ರ ಜನವರಿ 25ರಿಂದ ಬಾಡಿಗೆ ತಾಯ್ತನ (ನಿಯಂತ್ರಣ) ಕಾಯ್ದೆ ಜಾರಿಯಲ್ಲಿದೆ. ಅದರಂತೆ ಮಗುವನ್ನು ಹೊರುವ ಮಹಿಳೆ ತನ್ನ ಅಂಡಾಣು ಕೊಡುವಂತಿಲ್ಲ. ಹಾಗಾಗಿ ಮಗುವಿಗೆ ಆಕೆಯಿಂದ ವಂಶವಾಹಿ ಬರುವುದಿಲ್ಲ. ಪೋಷಕಾಂಶ, ಆಮ್ಲಜನಕ ಆಕೆಯಿಂದ ಹೋಗುತ್ತವೆ. ಆದರೆ ಮಗುವಿನ ರಕ್ತ ಮಗುವಿನ ದೇಹದಲ್ಲೇ ತಯಾರಾಗುತ್ತದೆ.

ಕಾನೂನಿನ ಪ್ರಕಾರ ಮಗು ಅದನ್ನು ಬಯಸಿ ಪಡೆದ ದಂಪತಿಯದೇ. ಹೆತ್ತ ಮಕ್ಕಳಿಗಿರುವ ಎಲ್ಲ ಹಕ್ಕುಗಳೂ ಅದಕ್ಕಿವೆ. 'ಬಾಡಿಗೆ' ಎಂಬ ಪದವೂ ಈಗ ಸರಿಹೊಂದದು. ವೈದ್ಯಕೀಯ ವೆಚ್ಚ, ವಿಮೆಯಂಥ ನಿಗದಿತ ಖರ್ಚು ಬಿಟ್ಟು ಹಣ ಕೊಟ್ಟು ಗರ್ಭ ಹೊರಿಸುವುದು ಅಪರಾಧ.

ಮಗುವಿಗೆ ಹೇಳಿದರೆ ಏನಾಗುತ್ತದೆ?

ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬೊಕ್ ತಂಡ ಬಾಡಿಗೆ ತಾಯ್ತನ, ಅಂಡಾಣು ಅಥವಾ ವೀರ್ಯಾಣು ದಾನದಿಂದ ಮಕ್ಕಳನ್ನು ಪಡೆದ 65 ಕುಟುಂಬಗಳನ್ನು ಮಕ್ಕಳಿಗೆ 20 ವರ್ಷ ಆಗುವವರೆಗೆ ಗಮನಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಮಕ್ಕಳ ಮಾನಸಿಕ ಆರೋಗ್ಯ ಉಳಿದವರಂತೆಯೇ ಇತ್ತು. 7 ವರ್ಷಕ್ಕೂ ಮೊದಲೇ ನಿಜ ಹೇಳಿದ್ದ ಮನೆಗಳಲ್ಲಿ ತಾಯಿ-ಮಕ್ಕಳ ನಡುವೆ ಮನಸ್ತಾಪ ಕಡಿಮೆ ಇತ್ತು.

ಮುಚ್ಚಿಟ್ಟರೆ ಏನು ತೊಂದರೆ?

ಮನೆಯವರು ಹೇಳದ್ದನ್ನು ಮದುವೆ ಮನೆಯಲ್ಲಿ ಯಾರೋ ಸಂಬಂಧಿಕರು ಬಾಯಿಬಿಡಬಹುದು. ಆಗ ಮಗುವಿಗೆ ನೋವಾಗುವುದು ಹುಟ್ಟಿದ ರೀತಿಗಿಂತ ಹೆಚ್ಚಾಗಿ ತನ್ನವರೇ ಮುಚ್ಚಿಟ್ಟರಲ್ಲ ಎಂಬುದಕ್ಕೆ. ಇನ್ನೊಂದು ಕಾರಣವೂ ಇದೆ. 2024ರ ಫೆಬ್ರುವರಿಯ ತಿದ್ದುಪಡಿಯಂತೆ, ವೈದ್ಯಕೀಯ ಕಾರಣವಿದ್ದರೆ ದಂಪತಿಯಲ್ಲಿ ಒಬ್ಬರ ಬದಲು ದಾನಿಯ ಅಂಡಾಣು ಅಥವಾ ವೀರ್ಯಾಣು ಬಳಸಬಹುದು. ಹಾಗೆ ಹುಟ್ಟಿದವರಿಗೆ ಮುಂದೆ ವೈದ್ಯರು "ನಿಮ್ಮ ಮನೆತನದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ?" ಎಂದು ಕೇಳಿದಾಗ ಸರಿಯಾದ ಉತ್ತರ ಗೊತ್ತಿರಬೇಕು.

ಹೇಗೆ ಹೇಳುವುದು?

ಮೂರ್ನಾಲ್ಕು ವರ್ಷದ ಮಗುವಿಗೆ ಕಥೆಯಂತೆ ಹೇಳಿದರೆ ಸಾಕು. ಅರಭಾವಿ, ಗೋಕಾಕ, ಮೂಡಲಗಿ ಕಡೆಯ ಮನೆಮಾತಿನಲ್ಲಾದರೆ ಹೀಗೆ: "ನಿನ್ನ ಹೊರಾಕ ನನಗ ಆಗಲಿಲ್ಲ. ಒಬ್ಬರು ಅಕ್ಕಾರು ನಿನ್ನ ಹೊಟ್ಟ್ಯಾಗ ಇಟ್ಕೊಂಡು ಬೆಳಿಸಿ, ನಮ್ಮ ಉಡಿಯಾಗ ಹಾಕಿದ್ರು." ಮಗು ಬೆಳೆದಂತೆ ಕೇಳುವ ಪ್ರಶ್ನೆಗಳಿಗೆ ಅಷ್ಟಷ್ಟೇ ವಿವರ ಸೇರಿಸಿ. ಅಜ್ಜ-ಅಜ್ಜಿಯೂ ಇದೇ ಮಾತು ಹೇಳುವಂತೆ ಮೊದಲೇ ಮಾತಾಡಿಕೊಳ್ಳಿ. ಆದರೆ ಊರಿಗೆಲ್ಲ ಹೇಳಬೇಕೆಂದಿಲ್ಲ. ಯಾರಿಗೆ ಹೇಳಬೇಕೆಂಬುದನ್ನು ಮಗು ದೊಡ್ಡದಾದ ಮೇಲೆ ತಾನೇ ತೀರ್ಮಾನಿಸಲಿ.

ತೀರ್ಪು: ಹೇಳಿಕೆ ತಪ್ಪು. ಇಂಥ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲೇ ಅಂಥ ಮಗುವಿನ ಅಪ್ಪ-ಅಮ್ಮ ಇರಬಹುದು.